ಅಣ್ಣನ ಪಾಲಿನ ಹಾಲು

ಹೋದ ತಿಂಗಳು ಮದುವೆಯೊಂದಕ್ಕೆ ಮಳವಳ್ಳಿಗೆ ಹೋಗಿದ್ದೆ. ಬೆಳಿಗ್ಗೆ ಎದ್ದು ಮುಖ ತೊಳೆಯಲು ನೆಂಟರ ಮನೆಯ ಹಿತ್ತಲಿಗೆ ಬಂದರೆ, ಪಕ್ಕದ ಮನೆಯ ಹೆಂಗಸು ಎಮ್ಮೆಯ ಹಾಲು ಕರೆಯುತ್ತಿದ್ದಳು. ಚೊಂಬಿಗೆ ಹಾಲು ಬೀಳುವ ಸದ್ದು, ಅದರ ಹಿಂದೆಯೇ ಬಿಸಿ ನೊರೆಯ ವಾಸನೆ. ಮುಖ ತೊಳೆಯದೆ ಒಳಗೆ ಬಂದುಬಿಟ್ಟೆ. ನಾನು ಹಾಲು ಬಿಟ್ಟು ಐವತ್ತು ವರ್ಷವಾಗುತ್ತ ಬಂತು. ಕೇಳಿದವರಿಗೆಲ್ಲ ಹೊಟ್ಟೆಗೆ ಒಗ್ಗುವುದಿಲ್ಲ ಎನ್ನುತ್ತೇನೆ. ಸುಳ್ಳು. ಹಾಲು ಒಗ್ಗಿದಷ್ಟು ನನಗೆ ಇನ್ನೇನೂ ಒಗ್ಗಿದ್ದಿಲ್ಲ. ಒಂದು ಚಳಿಗಾಲ ಪೂರ್ತಿ ನಾನು ಇನ್ನೊಬ್ಬನ ಪಾಲಿನ ಹಾಲು ಕುಡಿದು ಮೈ ಬೆಳೆಸಿದ್ದೇನೆ.

ಅದು ಯುದ್ಧದ ಕಾಲ. ಸೀಮೆಎಣ್ಣೆಗೂ ಚೀಟಿ, ಬಟ್ಟೆಗೂ ಚೀಟಿ. ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತ ಓಡುತ್ತಿದ್ದವು. ನಮ್ಮಪ್ಪ ಮಳವಳ್ಳಿಯ ಒಂದು ಗರಡಿಮನೆಯ ಉಸ್ತಾದ. ಎರಡೆಕರೆ ಗದ್ದೆಯಿತ್ತು, ಆದರೆ ಅಪ್ಪನಿಗೆ ಗದ್ದೆಯ ಮಣ್ಣಿಗಿಂತ ಗರಡಿಯ ಮಣ್ಣು ಹೆಚ್ಚು. ಅದಕ್ಕಿಂತ ಹೆಚ್ಚು ನಮ್ಮಣ್ಣ ಬೋರಣ್ಣ.

ಅಣ್ಣ ನನಗಿಂತ ಎಂಟು ವರ್ಷ ದೊಡ್ಡವನು. ಮಂಡ್ಯ, ಮದ್ದೂರು ಎಲ್ಲೇ ಕುಸ್ತಿಯಾಗಲಿ, ಮಳವಳ್ಳಿ ಬೋರ ಬಂದ ಎಂದರೆ ಜನ ಎದ್ದು ನಿಲ್ಲುತ್ತಿದ್ದರು. ಮೂವತ್ತು ದಾಟಿದ್ದರೂ ಅವನಿಗೆ ಮದುವೆಯಾಗಿರಲಿಲ್ಲ. ಪೈಲ್ವಾನಿಕೆ ಮುಗಿಯುವ ತನಕ ಮದುವೆ ಕೂಡದೆಂದು ಅಪ್ಪನ ಕಟ್ಟಳೆ. ಸಂಜೆ ಸಾಮು ಮುಗಿದ ಮೇಲೆ ಅಪ್ಪ ತನ್ನ ಕೈಯಾರೆ ಅವನ ಮೈಗೆ ಎಣ್ಣೆ ತಿಕ್ಕುತ್ತಿದ್ದ. ನನ್ನ ಬೆನ್ನಿಗೆ ಅಪ್ಪನ ಕೈ ಬೀಳುತ್ತಿದ್ದದ್ದು ಹೊಡೆಯುವಾಗ ಮಾತ್ರ. ಎಮ್ಮೆಯ ಎರಡು ಸೇರು ಹಾಲು ಅಣ್ಣನಿಗೆ, ಮಜ್ಜಿಗೆ ನನಗೆ. ಕೋಳಿ ಕೊಯ್ದರೆ ತೊಡೆ ಅವನಿಗೆ, ಕತ್ತು ನನಗೆ. ನಾನೂ ಅದೇ ಮಣ್ಣಿನಲ್ಲಿ ಹೊರಳುತ್ತಿದ್ದೆ, ಅವನಷ್ಟೇ ದಂಡ ಹೊಡೆಯುತ್ತಿದ್ದೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರೆ. ನಾನು ಹುಟ್ಟುತ್ತಲೇ ದಾಯಾದಿ. ಅಣ್ಣ ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು. ಅವನು ಒಳ್ಳೆಯವನು, ನನ್ನನ್ನು ಕಂಡರೆ ಅವನಿಗೆ ಪ್ರೀತಿ.

ನಮ್ಮ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ಮೈ ಬೆಳೆಸುವ ಪೈಲ್ವಾನ ಉಣ್ಣುವುದನ್ನು ಯಾರೂ ನೋಡಬಾರದು, ದೃಷ್ಟಿ ತಾಗುತ್ತದೆ. ಅವನು ಕೋಣೆಯೊಳಗೆ ಗೋಡೆಗೆ ಮುಖ ಮಾಡಿ ಕೂತು ತಿನ್ನಬೇಕು, ಬಾಗಿಲು ಮುಚ್ಚಿರಬೇಕು. ಹೆತ್ತ ತಾಯಿಯೂ ಒಳಗೆ ಹೋಗುವಂತಿಲ್ಲ. ತಾಯಿಯ ದೃಷ್ಟಿ ಎಲ್ಲಕ್ಕಿಂತ ಬೇಗ ತಾಗುತ್ತದೆಂದು ನಂಬಿಕೆ. ಒಡಹುಟ್ಟಿದವನ ಕಣ್ಣು ಮಾತ್ರ ತಾಗುವುದಿಲ್ಲವಂತೆ. ಆದ್ದರಿಂದ ಚೊಂಬು ಒಳಗೆ ಒಯ್ಯುವ ಕೆಲಸ ನನ್ನದು. ಈ ಕಟ್ಟಳೆ ಮಾಡಿದವನಿಗೆ ತಮ್ಮಂದಿರು ಇರಲಿಲ್ಲವೆಂದು ಕಾಣುತ್ತದೆ.

ಆ ವರ್ಷ ದೀಪಾವಳಿಯ ಹೊತ್ತಿಗೆ ಅಣ್ಣನ ಊಟ ಕೆಟ್ಟಿತು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಎನ್ನುತ್ತಿದ್ದ. ಬೆಳಿಗ್ಗೆ ಉಂಡದ್ದು ಸಂಜೆಗೆ ಹಾಗೇ ವಾಂತಿಯಾಗುತ್ತಿತ್ತು. ಅವ್ವ ಇದು ನಂಜು ಎಂದಳು. ಬದನೆಕಾಯಿ, ಮೀನು, ಮೊಟ್ಟೆ, ಬಾಡು ಎಲ್ಲವನ್ನೂ ನಿಲ್ಲಿಸಿ ಬರೀ ಅಕ್ಕಿಗಂಜಿಯ ಪಥ್ಯ ಇಟ್ಟಳು. ಪಥ್ಯದಲ್ಲಿ ಅಣ್ಣ ಇನ್ನಷ್ಟು ಇಳಿದ. ಕಾರ್ತಿಕ ಮುಗಿಯುವ ಮುಂಚೆ ಮಂಡ್ಯದ ಕುಸ್ತಿಯಲ್ಲಿ, ಯಾರೂ ಹೆಸರು ಕೇಳಿರದ ಒಬ್ಬನ ಕೆಳಗೆ ಅವನ ಬೆನ್ನು ಮಣ್ಣಿಗೆ ತಾಗಿತು. ನನಗೆ ಖುಷಿಯಾಯಿತು. ಬರೆಯಲು ನಾಚಿಕೆ, ಆದರೂ ನಿಜ.

ಮಾರನೆಯ ದಿನ ಅಪ್ಪ ಹಾಲಿನ ಚೊಂಬನ್ನು ನನ್ನ ಮುಂದೆ ಇಟ್ಟ. “ಯುಗಾದಿ ಕುಸ್ತಿಗೆ ನೀನು ಇಳೀಬೇಕು ಕಣ್ಲಾ,” ಎಂದ. ಅವತ್ತು ಸಂಜೆ ನನ್ನ ಬೆನ್ನಿಗೆ ಅಪ್ಪನ ಕೈಯಿಂದ ಎಣ್ಣೆ ಬಿತ್ತು. ಒಂದು ತಿಂಗಳು ನಾನೇ ರಾಜ. ಆಮೇಲೆ ಒಂದು ದಿನ ಅಣ್ಣನ ಹೊಟ್ಟೆ ಮುಟ್ಟಿ ನೋಡುತ್ತಿದ್ದ ಅವ್ವನ ಕೈಗೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾದ ಗೆಡ್ಡೆ ಸಿಕ್ಕಿತು. ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟ. ಮದ್ದೂರಿನ ತನಕ ಇದ್ದಿಲ ಬಸ್ಸು, ಅಲ್ಲಿಂದ ಮೈಸೂರಿಗೆ ರೈಲು.

ಆಸ್ಪತ್ರೆಯ ಸರ್ಜನ್ನರು ಕನ್ನಡಕ ಹಾಕಿದ, ಸಣ್ಣ ಮೈಕಟ್ಟಿನ ಮನುಷ್ಯ. ಕ್ಯಾನ್ಸರ್ ಎಂಬ ಮಾತು ನಮ್ಮ ಕಿವಿಗೆ ಬಿದ್ದದ್ದು ಅವತ್ತೇ ಮೊದಲು.

“ಗೆಡ್ಡೆ ಇನ್ನೂ ಅಲುಗಾಡುತ್ತೆ, ತೆಗೀಬಹುದು,” ಎಂದರು. ಅಪ್ಪ ಕೈ ಮುಗಿದ. “ಆದರೆ ಈಗಲ್ಲ. ಇವನ ತೋಳು ನೋಡಿ ಗೌಡ್ರೇ. ಮೇಲೆ ಚರ್ಮ, ಒಳಗೆ ಮೂಳೆ, ಮಧ್ಯೆ ಇರಬೇಕಾದ್ದು ಎಲ್ಲಿ? ಹೊಲಿಗೆ ಹಾಕೋದಷ್ಟೇ ನಾನು. ಹೊಲಿದದ್ದನ್ನ ಕೂಡಿಸಿಕೊಳ್ಳೋದು ಇವನ ಮೈ. ಈ ಮೈಗೆ ಆ ಶಕ್ತಿ ಇಲ್ಲ.”

“ಪಥ್ಯ ಮಾಡ್ತಾವ್ನೆ ಸ್ವಾಮಿ,” ಎಂದ ಅಪ್ಪ.

“ಆ ಪಥ್ಯಾನೇ ಇವನನ್ನ ಅರ್ಧ ತಿಂದಿರೋದು. ಹಾಲು, ಮೊಟ್ಟೆ, ಮಾಂಸದ ರಸ ಕೊಡಿ. ಆರು ವಾರ. ಮೈ ತುಂಬಿಸಿ ಕರಕೊಂಡು ಬನ್ನಿ.”

ಮೈ ತುಂಬಿಸುವುದು! ಅಪ್ಪ ಬಲ್ಲ ಕೆಲಸ ಜಗತ್ತಿನಲ್ಲಿ ಅದೊಂದೇ. ರೈಲು ಮಂಡ್ಯ ದಾಟುವಷ್ಟರಲ್ಲಿ ಅವನ ಯೋಚನೆ ಮುಗಿದಿತ್ತು: ದಿನಕ್ಕೆ ಎರಡು ಸೇರು ಹಾಲು, ನಾಲ್ಕು ಮೊಟ್ಟೆ, ದಿನ ಬಿಟ್ಟು ದಿನ ಬಂಡೂರು ಕುರಿಯ ಕಾಲಿನ ರಸ.

“ಅಂಗಾರೆ ನಂಗೆ?” ಎಂದು ಕೇಳಿಯೇ ಬಿಟ್ಟೆ.

ಅಪ್ಪ ತಿರುಗಿ ಕೂಡ ನೋಡಲಿಲ್ಲ. “ನಿಂಗೇನ್ಲಾ ಬಂದಿರಾದು, ಗುಂಡ್ಕಲ್ಲಂಗಿದ್ದೀಯ. ಮಜ್ಜಿಗೆ ಕುಡಿ.”

ಸಾಯುತ್ತಿರುವವನ ಹಾಲಿನ ಮೇಲೆ ಕಣ್ಣು ಹಾಕುವವರು ಇರುತ್ತಾರೆಯೇ? ನಾನು ಇದ್ದೆ. ಕಿಟಕಿಯಾಚೆ ಕಬ್ಬಿನ ಗದ್ದೆಗಳು ಓಡುತ್ತಿದ್ದವು, ನನ್ನ ಹೊಟ್ಟೆ ಉರಿಯುತ್ತಿತ್ತು.

ಊರಿಗೆ ಬಂದದ್ದೇ ಅವ್ವ ಮುತ್ತತ್ತಿ ಆಂಜನೇಯನಿಗೆ ಹರಕೆ ಹೊತ್ತಳು. ಅಪ್ಪ ಬಂಡೂರಿಗೆ ನಡೆದು ಹೋಗಿ, ಗಿಡ್ಡ ಕಾಲಿನ ಒಂದು ಕುರಿ ಹಿಡಿದುಕೊಂಡು ಬಂದ. ಕೋಣೆ ಮತ್ತೆ ಅಣ್ಣನದಾಯಿತು, ಬಾಗಿಲು ಮುಚ್ಚಿತು. ಚೊಂಬು ಹಿಡಿದು ನಾನು ಒಳಗೆ ಹೋದೆ. ಅಣ್ಣ ಎರಡು ಗುಟುಕು ಕುಡಿದ. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಚೊಂಬನ್ನು ನನ್ನ ಕಡೆ ತಳ್ಳಿದ.

“ನೀನು ಕುಡ್ದುಬುಡ್ಲಾ ಲಿಂಗ. ನಂಗೆ ಒಳೀಕೆ ಓಗಾಕಿಲ್ಲ.”

“ಅಪ್ಪಂಗೆ ಏನೇಳ್ಲಿ?”

“ಕುಡ್ದ ಅಂತ ಏಳು. ಚೆಲ್ಲೋ ಬದ್ಲು ನಿನ್ ಮೈಗಾದ್ರೂ ಸೇರ್ಲಿ. ಯುಗಾದೀಲಿ ಗೆದ್ಕಂಡು ಬಾ.”

ಬೇರೆ ತಮ್ಮನಾಗಿದ್ದರೆ ಕಾಯುತ್ತಿದ್ದ, ಪುಸಲಾಯಿಸುತ್ತಿದ್ದ, ಅಪ್ಪನನ್ನು ಕೂಗುತ್ತಿದ್ದ. ನಾನು ಒಂದೇ ಉಸಿರಿಗೆ ಕುಡಿದೆ. ನನ್ನಿಂದ ಕಿತ್ತುಕೊಂಡದ್ದು ನನಗೇ ವಾಪಸು ಬಂತು ಎಂದುಕೊಂಡೆ. ಮೊಟ್ಟೆಯೂ ಹಾಗೆಯೇ, ಕಾಲಿನ ರಸವೂ ಹಾಗೆಯೇ. ಅಣ್ಣನದು ನಾಲ್ಕು ಗುಟುಕು ಗಂಜಿ, ಉಳಿದದ್ದೆಲ್ಲ ನನ್ನದು. ಮೊದಲ ದಿನ ಅವನ ಎದುರಿಗೇ ಕುಡಿದೆ. ಆಮೇಲೆ ಅವನ ಮುಖ ನೋಡಲಾಗದೆ, ಚೊಂಬು ಹಿಡಿದು ಹಿಂಬಾಗಿಲಿನಿಂದ ಹಿತ್ತಲಿಗೆ ಹೋಗಿ ಹುಲ್ಲಿನ ಮೆದೆಯ ಮರೆಯಲ್ಲಿ ನಿಂತು ಕುಡಿಯುತ್ತಿದ್ದೆ.

ತಮಾಷೆಯೆಂದರೆ ಅಣ್ಣನ ಮೈಯೂ ತುಂಬತೊಡಗಿತು. ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಕಾಲಿನ ಮೀನಖಂಡ ದಪ್ಪಗಾಯಿತು, ಪಾದ ದಪ್ಪಗಾಯಿತು, ಮುಖ ತುಂಬಿಕೊಂಡಿತು. “ಕುರಿ ಕಾಲು ಕಾಲಿಗೇ ಇಳ್ದದೆ ನೋಡಿ,” ಎಂದು ಅವ್ವ ಅಕ್ಕಪಕ್ಕದವರಿಗೆ ಹೇಳಿಕೊಂಡು ಬಂದಳು. ಏನೂ ತಿನ್ನದವನ ಕಾಲು ಹೇಗೆ ತುಂಬುತ್ತದೆ ಎಂದು ಕೇಳಬಹುದಾಗಿದ್ದವನು ನಾನೊಬ್ಬ. ಕೇಳುವ ಬದಲು ಉರಿದುಕೊಂಡೆ. ನಾನು ಕುಡಿದು, ಬೆವರು ಸುರಿಸಿ, ಮಣ್ಣಲ್ಲಿ ಹೊರಳಿ ಮೈ ಮಾಡಬೇಕು; ಇವನಿಗೆ ಕುಡಿಯದೆಯೂ ತುಂಬುತ್ತದೆ, ಇವನ ಹಣೆಬರಹವೇ ಹಾಗೆ ಎಂದುಕೊಂಡೆ.

ಒಂದು ದಿನ ಮಾತ್ರ ಹೆದರಿಕೆಯಾಯಿತು. ಅಣ್ಣ ಬಾವಿಯಿಂದ ಒಂದು ಕೊಡ ನೀರು ಸೇದಲು ಹೋದ. ಹಗ್ಗ ಅವನ ಕೈಯಿಂದ ಜಾರಿ ಕೊಡ ಬಾವಿಗೆ ಬಿತ್ತು. ಎದುರಾಳಿಯನ್ನು ತಲೆಯ ಮೇಲಕ್ಕೆತ್ತುತ್ತಿದ್ದ ಕೈ ಅದು. ಅಂಗೈ ನೋಡಿಕೊಂಡು ನಿಂತಿದ್ದವನು ನನ್ನನ್ನು ಕಂಡು, “ಯಾರ್ಗೂ ಏಳ್ಬ್ಯಾಡ ಕಣ್ಲಾ,” ಎಂದ. ಹೇಳಲಿಲ್ಲ. ಹೇಳಿದ್ದರೆ ಕೋಣೆಯ ಬಾಗಿಲು ತೆರೆಯುತ್ತಿತ್ತು, ನನ್ನ ಹಾಲು ಹೋಗುತ್ತಿತ್ತು.

ಆರು ವಾರ ಕಳೆಯಿತು. ಅವ್ವ ಅಣ್ಣನಿಗೆ ಹೊಸ ಪಂಚೆ ಉಡಿಸಿ, ಮದುವೆಯ ಗಂಡನ್ನು ಕಳಿಸುವ ಹಾಗೆ ಕಳಿಸಿದಳು. ಅಪ್ಪ ಮಾತ್ರ ದಾರಿಯುದ್ದಕ್ಕೂ ಮಾತಾಡಲಿಲ್ಲ. ಆಪರೇಷನ್ನಿನ ಭಯವಿರಬೇಕು ಎಂದುಕೊಂಡೆ.

ಸರ್ಜನ್ನರು ಅಣ್ಣನ ಮೊಳಕಾಲ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬೆರಳು ತೆಗೆದ ಮೇಲೂ, ಬಿಸಿ ಮುದ್ದೆಗೆ ಬೆರಳಿಟ್ಟ ಹಾಗೆ, ಗುಳಿ ಹಾಗೇ ಉಳಿಯಿತು. ನಾವು ಮೂವರೂ ಆ ಗುಳಿಯನ್ನೇ ನೋಡಿದೆವು.

“ಇದು ಮಾಂಸ ಅಲ್ಲ ಗೌಡ್ರೇ, ಬಾವು. ಊಟದಲ್ಲಿ ಸಾರವಿಲ್ಲದವರಿಗೆ ಹೀಗೇ ಕಾಲು ಊದಿಕೊಳ್ಳುತ್ತೆ. ತೋಳು ನೋಡಿ, ಅವತ್ತಿಗಿಂತ ಸಣ್ಣ. ಏನು ಕೊಟ್ಟಿರಿ?”

“ಆಲು, ಮೊಟ್ಟೆ, ಬಾಡಿನ್ ರಸ. ದಿನಾ ಕಳ್ಸಿವ್ನಿ ಸ್ವಾಮಿ.”

“ಅಷ್ಟು ತಿಂದವನ ತೋಳು ಇದಲ್ಲ,” ಎಂದರು. ಹೇಳುತ್ತಲೇ ಅವರ ಕಣ್ಣು ನನ್ನ ತೋಳಿನ ಮೇಲೆ ಬಂದು ನಿಂತಿತು. ನಾನು ಅಂಗಿಯ ತೋಳನ್ನು ಕೆಳಗೆಳೆದುಕೊಂಡೆ.

“ನಂಗೇ ಸೇರ್ತಿರ್ನಿಲ್ಲ ಸ್ವಾಮಿ,” ಎಂದು ಅಣ್ಣ ಅವಸರವಾಗಿ ಹೇಳಿದ. “ನಾನೇ ಇತ್ಲಿಗೆ ಚೆಲ್ಬುಡ್ತಿದ್ದೆ. ಇವ್ರಿಗ್ಯಾರ್ಗೂ ಗೊತ್ತಿಲ್ಲ.”

ನನ್ನನ್ನು ಉಳಿಸಲು ಹೇಳಿದ ಸುಳ್ಳು. ಕೈ ಮುಗಿಯಬೇಕಿತ್ತು. ನನಗೆ ಅವನನ್ನು ಅಲ್ಲೇ ಕೆಡವಿ ಹೊಡೆಯಬೇಕೆನ್ನಿಸಿತು. ಮೂಳೆ ಚರ್ಮವಾಗಿದ್ದರೂ ಅವನೇ ಗೆದ್ದಿದ್ದ.

“ಇವನು ತಿನ್ನೋದನ್ನ ಯಾರೂ ನೋಡಲಿಲ್ವಾ?” ಎಂದು ಸರ್ಜನ್ನರು ಕೇಳಿದರು.

“ನೋಡ್ಬಾರ್ದು ಸ್ವಾಮಿ, ದಿಷ್ಟಿ ಆಯ್ತದೆ,” ಎಂದ ಅಪ್ಪ, ನೆಲ ನೋಡುತ್ತ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಇನ್ನು ಮೂರು ವಾರ ಕೊಡ್ತೀನಿ. ಅದಕ್ಕಿಂತ ತಡ ಮಾಡಿದರೆ ಗೆಡ್ಡೆ ಹಿಂದಕ್ಕೆ ಅಂಟಿಕೊಳ್ಳುತ್ತೆ, ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ. ಒಂದೇ ಸಲಕ್ಕೆ ಚೊಂಬು ಹಾಲು ಕೊಡಬೇಡಿ. ಮಗುವಿಗೆ ಕುಡಿಸಿದ ಹಾಗೆ ಗಂಟೆಗೊಂದು ಒಳಲೆ. ಹಾಲಿಗೆ ಮೊಟ್ಟೆ ಕದಡಿ ಕೊಡಿ, ರಸ ಸೋಸಿ ಕೊಡಿ. ಮಲಗೋಕೆ ಬಿಡಬೇಡಿ, ನಡೆಸಿ, ಕೈಗೆ ಏನಾದರೂ ಕೆಲಸ ಕೊಡಿ. ಮತ್ತೆ ಯಾರಾದರೂ ಎದುರಿಗೆ ಕೂತು ನೋಡಿ!”

ಊರಿಗೆ ಬಂದ ದಿನವೇ ನಾನು ಅಣ್ಣನ ಕೋಣೆಯ ಬಾಗಿಲನ್ನು ಕಳಚಿ ಕೊಟ್ಟಿಗೆಗೆ ಹಾಕಿದೆ.

“ಅಯ್ಯೋ, ನಾಕ್ ಜನದ್ ಕಣ್ ಬೀಳ್ತದೆ ಕಣ್ಲಾ,” ಎಂದು ಅವ್ವ ಬಾಯಿ ಬಡಿದುಕೊಂಡಳು.

“ಬೀಳ್ಲಿ ಬುಡವ್ವ. ಯಾರ್ ಕಣ್ಣೂ ಬೀಳ್ದೆ ತಾನೆ ಇಂಗಾಗಿರಾದು.”

ನಮ್ಮಿಬ್ಬರಿಗೂ ಕೂಸಾಗಿದ್ದಾಗ ಕುಡಿಸಿದ ಹಿತ್ತಾಳೆಯ ಒಳಲೆ ಅಟ್ಟದ ಮೇಲಿತ್ತು. ಅದನ್ನು ತೊಳೆದು, ಅಣ್ಣನನ್ನು ಜಗುಲಿಯ ಮೇಲೆ ಕೂರಿಸಿ, ಎದುರಿಗೆ ಕೂತೆ. ಒಳಲೆಯಲ್ಲಿ ಹಾಲು ಕುಡಿಯುವ ಪೈಲ್ವಾನನನ್ನು ನೋಡಲು ಬೀದಿಯ ಜನ ನಿಂತರು. ಅಣ್ಣ ನಾಚಿ ತಲೆ ತಗ್ಗಿಸಿದ. ಗದ್ದ ಹಿಡಿದು ಎತ್ತಿದೆ.

“ಬುಡ್ಲಾ, ವಾಂತಿ ಬತ್ತದೆ.”

“ಬರ್ಲಿ. ವಾಂತಿ ಮಾಡು, ಆಮ್ಯಾಕ್ ಕುಡಿ.”

“ನೀನು ಸಾಮು ಮಾಡಾಕೋಗು. ಯುಗಾದಿ ಅತ್ರ ಬಂತು.”

“ನಂಗೆ ಯುಗಾದೀನೂ ಬ್ಯಾಡ ಗಿಗಾದೀನೂ ಬ್ಯಾಡ. ಬಾಯ್ ತೆಗಿಯಣ್ಣ ಅಂದ್ರೆ.”

ನಾನು ಬದಲಾಗಿಬಿಟ್ಟೆ ಎಂದು ಯಾರೂ ತಿಳಿಯಬೇಡಿ. ಒಂದೊಂದು ಒಳಲೆಗೂ ಹೊಟ್ಟೆ ಉರಿಯುತ್ತಲೇ ಇತ್ತು. ಅಪ್ಪ ಬಂದು ಅಣ್ಣನ ಪಕ್ಕದಲ್ಲಿ ಕೂತು ಅವನ ಪಾದ ನೀವುತ್ತಿದ್ದ. ಹಾಲು ಕುಡಿಸುವ ಕೈ ಯಾರದೆಂದು ನೋಡುತ್ತಿರಲಿಲ್ಲ. ಇವನು ಸತ್ತರೆ ಅಪ್ಪ ಜೀವ ಇರುವ ತನಕ ಇವನನ್ನೇ ನೆನೆಯುತ್ತಾನೆ, ಸತ್ತವನ ಜೊತೆ ಕುಸ್ತಿ ಹಿಡಿಯಲಾಗುವುದಿಲ್ಲ, ಬದುಕಿಕೊಳ್ಳಲಿ ಎಂದೇ ಕುಡಿಸಿದೆನೋ ಏನೋ. ತಪ್ಪು ಮಾಡಿದ ಹೆದರಿಕೆಯೂ ಇತ್ತು. ಅಣ್ಣ ಹತ್ತು ಸಲ ಕುಡಿದರೆ ನಾಲ್ಕು ಸಲ ವಾಂತಿ ಮಾಡುತ್ತಿದ್ದ. ಆರು ಉಳಿಯುತ್ತಿತ್ತು.

ಎರಡನೆಯ ವಾರ ಕಾಲಿನ ಬಾವು ಇಳಿಯಿತು. ಅಣ್ಣ ಮೊದಲಿಗಿಂತ ಸಣಕಲಾಗಿ ಕಂಡ. “ತುಂಬ್ಕಂಡಿದ್ದೋನು ಮತ್ತೆ ಇಳ್ದೋದ್ನಲ್ಲಪ್ಪ, ಬಾಗ್ಲು ತೆಗ್ದಿದ್ದಕ್ಕೆ,” ಎಂದು ಜನ ನನ್ನನ್ನು ಬೈದರು. ನಾನು ಅವನ ರಟ್ಟೆ ಹಿಡಿದು ಗರಡಿಗೆ ನಡೆಸಿಕೊಂಡು ಹೋಗುತ್ತಿದ್ದೆ. ಹುಡುಗರು ಎತ್ತುವ ಚಿಕ್ಕ ಗುಂಡನ್ನು ಅವನ ಕೈಗೆ ಕೊಡುತ್ತಿದ್ದೆ. ಮೊದಲ ದಿನ ತೊಡೆಯ ತನಕ ಎತ್ತಿದ, ಮೂರನೆಯ ವಾರ ಎದೆಯ ತನಕ.

ಮೂರನೆಯ ಸಲ ಮೈಸೂರಿಗೆ ಹೋದಾಗ ಸರ್ಜನ್ನರು ಅವನ ಕಾಲು ಒತ್ತಿ ನೋಡಿದರು, ಗುಳಿ ಬೀಳಲಿಲ್ಲ. ತೋಳು ಹಿಂಡಿ ನೋಡಿದರು. ಆಮೇಲೆ ಎರಡು ಬೆರಳು ಮುಂದೆ ಚಾಚಿ, “ಜೋರಾಗಿ ಹಿಡಿ,” ಎಂದರು. ಅಣ್ಣ ಹಿಡಿದ. ಅವರು ಮುಖ ಕಿವುಚಿ, “ಸಾಕು ಬಿಡಪ್ಪಾ, ಇದೇ ಬೆರಳಲ್ಲಿ ನಾಳೆ ಕುಯ್ಯಬೇಕು,” ಎಂದರು. ಎಷ್ಟೋ ತಿಂಗಳ ಮೇಲೆ ಅಣ್ಣ ನಕ್ಕ.

ಮಂಡ್ಯದಲ್ಲಿ ಯುಗಾದಿ ಕುಸ್ತಿ ನಡೆದ ದಿನವೇ ಅವನ ಹೊಟ್ಟೆ ಕುಯ್ದರು. ನಾನು ಹಿಡಿಯಬೇಕಿದ್ದ ಕುಸ್ತಿಯ ಜೋಡಿ ಬೇರೆ ಯಾರಿಗೋ ಹೋಯಿತು. ಗೆಡ್ಡೆಯ ಜೊತೆ ಹೊಟ್ಟೆಯ ಚೀಲದ ಮುಕ್ಕಾಲು ಭಾಗವನ್ನೂ ತೆಗೆದಿದ್ದರು. ಆಮೇಲಿನ ಹತ್ತು ದಿನ ನಾವು ಕಾದದ್ದು ಒಂದಕ್ಕೇ, ಹೊಲಿಗೆ ಕೂಡುತ್ತದೆಯೋ ಬಿಡುತ್ತದೆಯೋ ಎಂದು. ಪಕ್ಕದ ಮಂಚದವನ ಹೊಲಿಗೆ ಬಿಟ್ಟುಕೊಂಡದ್ದನ್ನು ನೋಡಿದ್ದೆವು. ಅವನು ಮೊದಲಿನ ಅಣ್ಣನಂತೆ ಕಡ್ಡಿಯಾಗಿದ್ದವನು. ಹನ್ನೊಂದನೆಯ ದಿನ ಸರ್ಜನ್ನರು ದಾರ ತೆಗೆದು, “ಕೂಡಿಕೊಂಡಿದೆ,” ಎಂದರು.

ಅಪ್ಪ ಹೊರಗೆ ಬಂದು ಆಸ್ಪತ್ರೆಯ ಅಂಗಳದ ಹೊಂಗೆಮರದ ಕೆಳಗೆ ಕುಕ್ಕರಿಸಿದ. ನಾನೂ ಹೋಗಿ ಕೂತೆ. ಬೀಡಿ ಹಚ್ಚಿದವನು ಸೇದಲಿಲ್ಲ.

“ಲಿಂಗ, ಒಂದ್ ಮಾತು. ಮೆದೆ ಮರೇಲಿ ನಿಂತ್ಕಂಡು ಆಲು ಕುಡೀತಿದ್ದಲ್ಲ ನೀನು.”

ನಾನು ಏಳಹೋದೆ, ಅಪ್ಪ ರಟ್ಟೆ ಹಿಡಿದು ಕೂರಿಸಿದ.

“ಬೆಕ್ಕು ಕಣ್ಮುಚ್ಕಂಡು ಆಲು ಕುಡುದ್ರೆ ಊರ್ಗೆ ಗೊತ್ತಾಗಾಕಿಲ್ವೇನ್ಲಾ? ಮೊದುಲ್ನೇ ವಾರ್ದಾಗೇ ನೋಡ್ದೆ.”

“ನೋಡಿ ಯಾಕ್ ಸುಮ್ಕಿದ್ದೆ? ನಂಗೆ ವಡ್ದು ಕಿತ್ಕಬಾರ್ದಾಗಿತ್ತಾ?”

ಅಪ್ಪ ನನ್ನ ಮುಖ ನೋಡಲಿಲ್ಲ. “ಅವ್ನು ಓದ ಅಂದ್ಕಬುಟ್ಟಿದ್ದೆ ಕಣ್ಲಾ. ಓಗೋನು ಓಯ್ತಾನೆ, ಇರೋನಾದ್ರೂ ಕುಡ್ಕಳ್ಳಿ ಅಂತ ಸುಮ್ಕಾದೆ.”

ಇಪ್ಪತ್ತಮೂರು ವರ್ಷ ನಾನು ಬಯಸಿದ್ದು ಅದೇ. ಅಪ್ಪ ಅವನನ್ನು ಬಿಟ್ಟು ನನ್ನನ್ನು ಆರಿಸಿಕೊಳ್ಳಬೇಕು ಎಂದು. ಆರಿಸಿಕೊಂಡಿದ್ದ. ನಾನು ಎದ್ದು ಮರದ ಹಿಂದಕ್ಕೆ ಹೋಗಿ ವಾಂತಿ ಮಾಡಿದೆ. ಅಪ್ಪ ಹೇಳಿದ್ದನ್ನು ಅಣ್ಣನಿಗೆ ಹೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ನಾವಿಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅಣ್ಣ ಆಮೇಲೆ ಒಂಬತ್ತು ವರ್ಷ ಬದುಕಿದ. ಕುಸ್ತಿ ಬಿಟ್ಟ, ಮದುವೆಯಾದ, ದಿನಕ್ಕೆ ಏಳೆಂಟು ಸಲ ಒಂದೊಂದು ಹಿಡಿ ಉಂಡುಕೊಂಡು ಗದ್ದೆ ನೋಡಿಕೊಂಡ. ಅವನಿಗಿಂತ ಮೊದಲು ಅಪ್ಪ ಹೋದ. ಹೆಣವನ್ನು ಜಗುಲಿಯ ಮೇಲೆ ಮಲಗಿಸಿದ್ದಾಗ ಅಣ್ಣ ಅಪ್ಪನ ಕಾಲು ಹಿಡಿದುಕೊಂಡು, “ಎಲ್ರೂ ಬುಟ್ರೂ ನಮ್ಮಪ್ಪ ನನ್ ಕೈ ಬುಡ್ನಿಲ್ಲ ಕಣ್ರಪ್ಪೋ,” ಎಂದು ಬೀದಿಗೆಲ್ಲ ಕೇಳುವ ಹಾಗೆ ಅತ್ತ. ನಾನು ಪಕ್ಕದಲ್ಲಿ ನಿಂತಿದ್ದೆ. ನನ್ನ ಕಣ್ಣಿಗೆ ಒಂದು ಹನಿ ಬರಲಿಲ್ಲ. ಅವನು ಅಳುವುದನ್ನು ನೋಡುತ್ತ ನಿಂತೆ. ಅವನ ಮೇಲೆ ಅವತ್ತು ಬಂದಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಬಂದಿರಲಿಲ್ಲ.